ಚೋಕಿಗೆ ಕಟ್ಟಿದ ಹೂವು

"ಅಜ್ಜಾ, ನಿಮ್ಮ ಉಪಕಾರವನ್ನು ನಾನು ಹೇಗೆ ತೀರಿಸಲಿ?"

ಬೆಳಗಿನ ಪೂಜೆ ಮುಗಿದಿತ್ತು. ಗುರುಗಳು ಗೋಡೆಗೆ ಒರಗಿ ಕೂತಿದ್ದರು. ಚನ್ನವೀರ ಅವರ ಕಾಲು ಒತ್ತುತ್ತಾ ಈ ಪ್ರಶ್ನೆ ಕೇಳಿದ. ಮಠದಲ್ಲಿ ದೊಡ್ಡವರು, ಚಿಕ್ಕವರು ಎಲ್ಲರೂ ಗುರುಗಳನ್ನು ಅಜ್ಜ ಎಂದೇ ಕರೆಯುತ್ತಿದ್ದರು.

ಚನ್ನವೀರ ಮಠಕ್ಕೆ ಬಂದಾಗ ತೊದಲುತ್ತಿದ್ದ ಹುಡುಗ. ತನ್ನ ಹೆಸರು ಹೇಳುವುದಕ್ಕೇ ಬೆವರುತ್ತಿದ್ದ. ಅಜ್ಜ ಅವನನ್ನು ದಿನವೂ ಎದುರಿಗೆ ಕೂರಿಸಿಕೊಂಡು ಓದಿಸಿದರು, ಹಾಡಿಸಿದರು, ಬೈದರು, ಮತ್ತೆ ಓದಿಸಿದರು. ಈಗ ಅವನು ಎದ್ದು ನಿಂತು ಮಾತಾಡಿದರೆ ತುಂಬಿದ ಸಭೆ ಸದ್ದಿಲ್ಲದೆ ಕೇಳುತ್ತಿತ್ತು.

ಹೊಳೆಯಾಚೆ ಒಂದು ಶಾಖಾಮಠವಿತ್ತು. ಅಲ್ಲಿ ಬಡಮಕ್ಕಳು ಉಂಡು, ಮಲಗಿ, ಓದುವ ಶಾಲೆ. ಅಲ್ಲಿನ ಗುರು ತೀರಿಕೊಂಡ ಮೇಲೆ ಪಾಠ ಹೇಳುವವರೇ ಇಲ್ಲವಾದರು. ಅಲ್ಲಿಯವರು ಬಂದು ಚನ್ನವೀರನನ್ನು ಕೇಳಿದರು. ಅವನು ಹೋಗಲಿಲ್ಲ. ಮತ್ತೆ ಬಂದರು. ಆಗಲೂ ಹೋಗಲಿಲ್ಲ. ಈ ಸಲ ಬಂದವರು, "ಹುಣ್ಣಿಮೆಯವರೆಗೆ ನೋಡುತ್ತೇವೆ. ಆಮೇಲೆ ಮಕ್ಕಳನ್ನು ಮನೆಗೆ ಕಳಿಸಿ ಬಾಗಿಲು ಹಾಕುತ್ತೇವೆ" ಎಂದು ಹೇಳಿ ಹೋಗಿದ್ದರು. ಅಜ್ಜನನ್ನು ಬಿಟ್ಟು ಹೋದರೆ ತಾನು ಕೃತಘ್ನನಾಗುತ್ತೇನೆ ಎಂದು ಚನ್ನವೀರ ಒದ್ದಾಡುತ್ತಿದ್ದ. ಆ ಒದ್ದಾಟದಲ್ಲೇ ಈ ಪ್ರಶ್ನೆ ಹುಟ್ಟಿತ್ತು.

ಅಜ್ಜ ಕಣ್ಣು ಬಿಟ್ಟರು.

"ಮೊದಲು ಕಾಲು ಬಿಡೋ. ರೊಟ್ಟಿಗೆ ಹಿಟ್ಟು ನಾದಿದ ಹಾಗೆ ನಾದುತ್ತಿದ್ದೀಯ. ಇನ್ನೂ ಸ್ವಲ್ಪ ದಿನ ಅದರಲ್ಲಿ ನಾನು ನಡೆಯಬೇಕು. ಆ ಕಡೆ ಕೂತುಕೋ. ಒಬ್ಬ ದರ್ಜಿಯ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಚನ್ನವೀರ ಸರಿದು ಕೂತ. ಅಜ್ಜ ಕತೆ ಹೇಳಿದರು.

ಬೆಟ್ಟದ ಮೇಲೆ ಒಂದು ಊರು. ಅಲ್ಲೊಬ್ಬ ದರ್ಜಿ. ಕೈಕೆಲಸದಲ್ಲಿ ಗಟ್ಟಿಗ. ಅವನು ಹೊಲಿದ ಅಂಗಿ ತೋಳಿನಲ್ಲಿ ಬಿಗಿಯಾಯಿತು, ಕುತ್ತಿಗೆಯಲ್ಲಿ ಸಡಿಲವಾಯಿತು ಎಂದು ಯಾರೂ ಹೇಳಿದ್ದಿಲ್ಲ. ಅವನ ಹತ್ತಿರ ಒಂದು ಹಳೆಯ ಕಾರಿತ್ತು. ದರ್ಜಿಗೆ ಕಾರು ಎಲ್ಲಿಂದ ಬಂತು ಎಂದು ಕೇಳಬೇಡ. ಅದನ್ನು ಹೇಳುತ್ತಾ ಕೂತರೆ ಮಧ್ಯಾಹ್ನದ ಪ್ರಸಾದ ತಪ್ಪುತ್ತದೆ. ಇತ್ತು ಅಂದರೆ ಇತ್ತು. ಆ ಊರಿಗೆಲ್ಲ ಅದೊಂದೇ ಕಾರು. ಆಸ್ಪತ್ರೆ ಇದ್ದದ್ದು ದೂರದ ಪೇಟೆಯಲ್ಲಿ. ಊರಿನಿಂದ ಮೊದಲು ಇಳಿಯಬೇಕು, ಹಳ್ಳದ ಸೇತುವೆ ದಾಟಬೇಕು, ಆಮೇಲೆ ಒಂದು ದೊಡ್ಡ ಏರು ಹತ್ತಬೇಕು.

ನೀನು ಅಂಥ ಕಾರು ನೋಡಿಲ್ಲ. ಈಗಿನವು ಕೀಲಿ ತಿರುಗಿಸಿದರೆ ಎದ್ದು ಹೊರಡುತ್ತವೆ. ಆಗಿನವಕ್ಕೆ ಮುದ್ದು ಮಾಡಬೇಕಿತ್ತು. ಮಾಗಿಯ ಚಳಿಯಲ್ಲಿ ಬೆಳಿಗ್ಗೆ ಎಬ್ಬಿಸಲು ಹೋದರೆ ಕೊಂಯ್ ಕೊಂಯ್ ಎಂದು ಗೊಣಗಿ ಮತ್ತೆ ಮಲಗಿಬಿಡುತ್ತಿದ್ದವು. ಅದಕ್ಕೆಂದೇ ಸ್ಟಿಯರಿಂಗಿನ ಕೆಳಗೆ ಒಂದು ಕರಿ ಗುಂಡಿ ಇರುತ್ತಿತ್ತು. ಅದಕ್ಕೆ ಚೋಕ್ ಅನ್ನುತ್ತಾರೆ. ಅದನ್ನು ಹೊರಗೆ ಎಳೆದರೆ ಇಂಜಿನ್ನಿಗೆ ಹೋಗುವ ಗಾಳಿ ಕಡಿಮೆಯಾಗಿ ಪೆಟ್ರೋಲು ಹೆಚ್ಚಾಗುತ್ತದೆ. ತಣ್ಣಗೆ ಕೊರಡಾಗಿದ್ದ ಇಂಜಿನ್ನು ಅದರಿಂದ ಎದ್ದು ಕೂರುತ್ತದೆ. ಬಿಸಿಯಾಗುತ್ತಾ ಬಂದ ಹಾಗೆ ಗುಂಡಿಯನ್ನು ಮೆಲ್ಲಗೆ ಒಳಗೆ ತಳ್ಳಬೇಕು. ಎಲ್ಲ ಡ್ರೈವರುಗಳಿಗೂ ಇದು ಗೊತ್ತು. ದರ್ಜಿಗೂ ಗೊತ್ತಿತ್ತು.

ಒಂದು ಮಾಗಿಯಲ್ಲಿ ದರ್ಜಿಯ ಹೆಂಡತಿ ಪುಟ್ಟಗೌರಿಗೆ ನಸುಕಿನಲ್ಲೇ ಹೆರಿಗೆ ನೋವು ಶುರುವಾಯಿತು. ಚೊಚ್ಚಲು. ದಿನ ತುಂಬುವ ಮೊದಲೇ ಬಂದ ನೋವು. ದರ್ಜಿ ಅವಳನ್ನು ಕಾರಿನಲ್ಲಿ ಮಲಗಿಸಿ, ಕೀಲಿ ತಿರುಗಿಸಿ ಸೆಲ್ಫ್ ಹೊಡೆದ. ಗೊಂಯ್ ಅಂದಿತು, ನಿಂತಿತು. ಮತ್ತೆ ಹೊಡೆದ. ಮತ್ತೆ ನಿಂತಿತು. ಹೆದರಿಕೆಗೆ ಚೋಕೇ ಮರೆತುಹೋಗಿತ್ತು ಅವನಿಗೆ. ಹಿಂದಿನ ಸೀಟಿನಲ್ಲಿ ಹೆಂಡತಿ ಅರಚುತ್ತಿದ್ದಾಳೆ, ಗಾಜಿನ ಮೇಲೆ ಇಬ್ಬನಿ ಗಟ್ಟಿಯಾಗಿ ಕೂತಿದೆ, ಯಾರಿಗೆ ತಾನೇ ನೆನಪಿರುತ್ತದೆ? ಕೊನೆಗೆ ಕೈ ತಾನಾಗಿ ಆ ಗುಂಡಿಗೆ ಹೋಯಿತು. ಪೂರ್ತಿ ಎಳೆದು ಸೆಲ್ಫ್ ಹೊಡೆದ. ಕಾರು ಎದ್ದಿತು.

ಹೆಣ್ಣು ಮಗು ಹುಟ್ಟಿತು. ಡಾಕ್ಟರಮ್ಮ ಹೊರಗೆ ಬಂದು ಹೇಳಿದರು. "ಇನ್ನು ಸ್ವಲ್ಪ ತಡವಾಗಿದ್ದರೆ ತಾಯಿಯೂ ಇಲ್ಲ, ಮಗುವೂ ಇಲ್ಲ. ಪುಣ್ಯ ಮಾಡಿದ್ದೀರಿ."

ದರ್ಜಿ ಆಸ್ಪತ್ರೆಯ ಅಂಗಳದಲ್ಲಿ ಕಾರಿನೊಳಗೆ ಕೂತು ಮಗುವಿನ ಹಾಗೆ ಅತ್ತ. ಆ ಕರಿ ಗುಂಡಿಯನ್ನು ಬಗ್ಗಿ ಕಣ್ಣಿಗೆ ಒತ್ತಿಕೊಂಡ. "ನಿನ್ನಿಂದ ನನ್ನ ಮನೆ ಉಳಿಯಿತಪ್ಪಾ" ಅಂದ. ಊರಿಗೆ ಬಂದವನೇ ಮಿಂದು, ಅದಕ್ಕೆ ಕುಂಕುಮ ಹಚ್ಚಿ, ಒಂದು ಎಳೆ ಸೇವಂತಿಗೆ ಕಟ್ಟಿ ಕೈ ಮುಗಿದ. ತಪ್ಪೇನಿದೆ? ಅವನ ಜಾಗದಲ್ಲಿ ನಾನಿದ್ದರೂ ಕಟ್ಟುತ್ತಿದ್ದೆ.

ಅವನು ಅಲ್ಲಿಗೇ ಬಿಡಲಿಲ್ಲ. "ಇನ್ನು ಈ ಊರಿನಲ್ಲಿ ಯಾರಿಗೆ ಕಾಯಿಲೆಯಾದರೂ ನನ್ನ ಕಾರು ಬರುತ್ತದೆ, ಬಾಡಿಗೆ ಬೇಡ" ಅಂದ. ಬರೀ ಬಾಯಿಮಾತಲ್ಲ. ಹೊಲಿಗೆ ಯಂತ್ರದ ಮೇಲೆ ಬಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಿದ್ದ. ಹಾವು ಕಚ್ಚಿದವರು, ಮರದಿಂದ ಬಿದ್ದವರು, ಎದೆ ಹಿಡಿದುಕೊಂಡವರು, ಎಲ್ಲರನ್ನೂ ಹೊತ್ತೊಯ್ದಿತು ಆ ಕಾರು. ಬದುಕಿ ಬಂದವರು ಸುಮ್ಮನಿರುತ್ತಾರೆಯೇ? ದರ್ಜಿಯ ಕಾಲಿಗೆ ಬೀಳಲು ಬಂದರು. ಅವನು ಹಿಂದೆ ಹಾರಿ, "ನನಗಲ್ಲ, ಅದಕ್ಕೆ ಮುಗಿಯಿರಿ" ಎಂದು ಕಾರಿನ ಕಡೆ ಕೈ ತೋರಿಸಿದ. ಜನ ಅದಕ್ಕೇ ಮುಗಿದರು. ಪೂಜಾರಿ ಒಂದು ಹಿತ್ತಾಳೆ ಗಂಟೆ ತಂದುಕೊಟ್ಟ. ಮಗನನ್ನು ಉಳಿಸಿಕೊಂಡ ಸಾಬರು ದರ್ಗಾದಿಂದ ತಾಯತ ತಂದರು. ಬೇಕರಿಯ ಅಂತೋಣಿಯ ತಾಯಿ ತನ್ನ ಕೊರಳಿನ ಶಿಲುಬೆಯನ್ನೇ ಬಿಚ್ಚಿ ಕೊಟ್ಟಳು. ದರ್ಜಿ ಯಾವುದನ್ನೂ ತನ್ನ ಮನೆಯೊಳಗೆ ಒಯ್ಯಲಿಲ್ಲ. ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿ ಆ ಗುಂಡಿಗೆ ಕಟ್ಟಿದ. ಮೇಲೆ ದಿನವೂ ಹೊಸ ಹೂವು.

ಊರಿಗೆ ಊರೇ ಹೇಳಿದ ಧನ್ಯವಾದ ಅದು. ಹೆಬ್ಬೆರಳಿನಷ್ಟು ಗುಂಡಿಯ ಮೇಲೆ ತೂಗುತ್ತಿತ್ತು.

ಮುಂದಿನ ಮಾಗಿಯಲ್ಲಿ ಕಾರಿಗೆ ಕಾಯಿಲೆ ಬಂತು.

ಬೆಳಿಗ್ಗೆ ಏಳಲು ಹಟ. ಅಂತೂ ಇಂತೂ ಎದ್ದರೆ ಮೊದಲು ಚೆನ್ನಾಗಿಯೇ ಓಡುತ್ತಿತ್ತು. ಬಿಸಿಯಾಗುತ್ತಾ ಬಂದ ಹಾಗೆ ಕೆಡುತ್ತಿತ್ತು. ಇದು ವಿಚಿತ್ರ ನೋಡು. ಚಳಿಯ ಕಾಯಿಲೆಯಾದರೆ ಬಿಸಿಲೇರಿದಂತೆ ವಾಸಿಯಾಗಬೇಕು. ಇದು ತಿರುಗುಮುರುಗು. ಆಕ್ಸಿಲರೇಟರಿನ ಮೇಲೆ ಕಾಲಿರುವವರೆಗೆ ಹೇಗೋ ನಡೆಯುತ್ತಿತ್ತು. ಕಾಲು ತೆಗೆದರೆ ಗುಡುಗುಡು ಎಂದು ಮೈಯೆಲ್ಲ ನಡುಗಿ, ಹಿಂದೆ ಕರಿ ಹೊಗೆ ಕಾರಿ, ನಿಂತುಬಿಡುತ್ತಿತ್ತು. ದನ ಅಡ್ಡ ಬಂದರೆ ನಿಂತಿತು. ತಿರುವಿನಲ್ಲಿ ನಿಧಾನಿಸಿದರೆ ನಿಂತಿತು. ಒಮ್ಮೆ ಶಾಲೆಯ ಮೇಷ್ಟರನ್ನು ಎದೆನೋವೆಂದು ಕರೆದೊಯ್ಯುವಾಗ ದಾರಿಯಲ್ಲಿ ನಿಂತು, ಹಾಲಿನ ಲಾರಿಗೆ ಹತ್ತಿಸಿ ಕಳಿಸಬೇಕಾಯಿತು. ಮೇಷ್ಟರು ಉಳಿದರು. ದರ್ಜಿಗೆ ಮಾತ್ರ ಆ ದಿನ ಅನ್ನ ಸೇರಲಿಲ್ಲ.

ಅವನೇನು ಕೈಕಟ್ಟಿ ಕೂರಲಿಲ್ಲ. ಬ್ಯಾಟರಿ ಹಳತಾಗಿರಬೇಕು ಎಂದು ಅದನ್ನು ಬದಲಾಯಿಸಿದ. ಚಳಿಗೆ ಇಂಜಿನ್ ಆಯಿಲ್ ಗಟ್ಟಿಯಾಗುತ್ತದೆ ಎಂದು ಯಾರೋ ಅಂದರು, ಅದನ್ನೂ ಬದಲಾಯಿಸಿದ. ಕೊನೆಗೆ ಪೇಟೆಯ ಗ್ಯಾರೇಜಿಗೆ ಒಯ್ದ.

ಇಲ್ಲೇ ನೋಡು ಇರುವುದು ಅವನ ಭಕ್ತಿಯ ತಮಾಷೆ. ಗ್ಯಾರೇಜು ಅಂದರೆ ಎಣ್ಣೆ, ಮಸಿ, ಬಾಯಲ್ಲಿ ಹೊಗೆಸೊಪ್ಪು. ದೇವರ ಸಾಮಾನು ಅಲ್ಲಿಗೆ ಹೋಗಬಹುದೇ? ಮೈಲಿಗೆಯಾಗುವುದಿಲ್ಲವೇ? ದರ್ಜಿ ಗ್ಯಾರೇಜಿಗೆ ಸ್ವಲ್ಪ ಈಚೆಯೇ ಕಾರು ನಿಲ್ಲಿಸಿ, ಆ ಗೊಂಚಲನ್ನು ಮೆಲ್ಲಗೆ ಬಿಚ್ಚಿ, ಮಡಿಬಟ್ಟೆಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿಕೊಳ್ಳುತ್ತಿದ್ದ. ಆಮೇಲೆ ಗಾಡಿ ಒಳಗೆ.

ಮೆಕ್ಯಾನಿಕ್ಕು ಪ್ಲಗ್ಗು ಬಿಚ್ಚಿದ. ಮಸಿ ಹಿಡಿದು ಕಾಡಿಗೆಯ ಹಾಗಿದ್ದವು. "ಪೆಟ್ರೋಲು ಜಾಸ್ತಿ ಕುಡಿಯುತ್ತಿದೆ, ಮಸಿ ಕಟ್ಟಿದ ಪ್ಲಗ್ಗು ಚಳಿಯಲ್ಲಿ ಕಿಡಿ ಕೊಡುವುದಿಲ್ಲ, ಅದಕ್ಕೇ ಬೆಳಿಗ್ಗೆ ಏಳುವುದಿಲ್ಲ" ಅಂದ. ಸರಿಯಾದ ಮಾತೇ. ಪ್ಲಗ್ಗು ಉಜ್ಜಿದ, ಕಾರ್ಬೊರೇಟರ್ ತೊಳೆದ, ಸ್ಟಾರ್ಟ್ ಮಾಡಿದ. ಕಾರು ಬೆಕ್ಕಿನ ಹಾಗೆ ಗುರ್ ಎನ್ನುತ್ತಾ ನಿಂತಿತು. ಕಾಲು ತೆಗೆದರೂ ನಿಲ್ಲಲಿಲ್ಲ, ನಡುಗಲಿಲ್ಲ, ಹೊಗೆಯಿಲ್ಲ. ದರ್ಜಿಗೆ ಸ್ವರ್ಗ ಸಿಕ್ಕಿತು. ಊರಿಗೆ ಬಂದ, ಮಿಂದ, ಊದುಬತ್ತಿ ಹಚ್ಚಿದ, ಗೊಂಚಲನ್ನು ಮತ್ತೆ ಗುಂಡಿಗೆ ಕಟ್ಟಿದ. ಕೆಲವು ದಿನಗಳಲ್ಲಿ ಮತ್ತೆ ಅದೇ ಕಾಯಿಲೆ.

ಮತ್ತೆ ಗ್ಯಾರೇಜು. ಮತ್ತೆ ಗೊಂಚಲು ಮಡಿಬಟ್ಟೆಯಲ್ಲಿ. ಮತ್ತೆ ಕಾರು ಬೆಕ್ಕಿನ ಹಾಗೆ ಗುರ್.

ಹೀಗೆ ಹೋಗಿ ಬಂದು, ಹೋಗಿ ಬಂದು, ಮೆಕ್ಯಾನಿಕ್ಕಿಗೂ ರೇಗಿತು. "ನಿನ್ನ ಗಾಡಿಗೆ ಏನೂ ಆಗಿಲ್ಲ ಮಾರಾಯ. ನಿನಗೇ ಏನೋ ಆಗಿದೆ" ಅಂದ. ಆದರೂ ಒಳ್ಳೆಯ ಮನುಷ್ಯ. ಒಂದು ಉಪಾಯ ಹೇಳಿ ಕಳಿಸಿದ. "ದಾರಿಯಲ್ಲಿ ನಿಂತು ಪೆಟ್ರೋಲು ವಾಸನೆ ಬಂದರೆ ಒಳಗೆ ತುಂಬಿಕೊಂಡಿದೆ ಅಂತ ಅರ್ಥ. ಆಗ ಚೋಕ್ ಒಳಗಿರಲಿ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡಿ. ಸುಮ್ಮನೆ ಪಂಪ್ ಮಾಡಬೇಡ."

ದರ್ಜಿ ತಲೆಯಾಡಿಸಿದ. ಆದರೆ ಮನಸ್ಸಿನಲ್ಲಿ ಬೇರೆಯೇ ಲೆಕ್ಕ ನಡೆದಿತ್ತು. ಗ್ಯಾರೇಜಿನಲ್ಲಿ ಸರಿಯಾಗುತ್ತದೆ, ಮನೆಗೆ ಬಂದರೆ ಕೆಡುತ್ತದೆ. ಹಾಗಾದರೆ ತಪ್ಪು ಮನೆಯದು. ಪೂಜೆ ಸಾಲದು. ಇಷ್ಟು ಜೀವ ಉಳಿಸಿದ್ದಕ್ಕೆ ನಾನು ಕೊಟ್ಟದ್ದು ಏನು ಮಹಾ, ಒಂದು ಮೊಳ ಹೂವು! ಹೀಗೆಂದುಕೊಂಡು ಹೂವಿನ ಎಳೆಯನ್ನು ಹಾರ ಮಾಡಿದ. ಹಾರದ ಮಧ್ಯೆ ಒಂದು ಹಿತ್ತಾಳೆಯ ಪುಟ್ಟ ದೀಪ ಕಟ್ಟಿದ. ಕಾರು ಹೆಚ್ಚು ಕೆಮ್ಮಿದ ಹಾಗೆಲ್ಲ ಗೊಂಚಲು ದಪ್ಪವಾಯಿತು. ಗೊಂಚಲು ದಪ್ಪವಾದ ಹಾಗೆಲ್ಲ ಕಾರು ಹೆಚ್ಚು ಕೆಮ್ಮಿತು. ಪುಟ್ಟಗೌರಿ ಒಂದು ದಿನ ಕೇಳಿಯೇಬಿಟ್ಟಳು. "ಏನ್ರೀ ಇದು, ನಾವು ಹತ್ತಬೇಕಾದ್ದು ಕಾರಿಗೋ, ದೇವರ ಮನೆಗೋ?" ಅವನು ಕೆನ್ನೆಗೆ ಹೊಡೆದುಕೊಂಡು, "ಬಿಡ್ತು ಅನ್ನು" ಅಂದ.

ನಿನಗೆ ಇಷ್ಟು ಹೊತ್ತಿಗೆ ತಿಳಿದಿರಬೇಕು. ಕೂತು ಕೇಳುವವರಿಗೆ ಬೇಗ ತಿಳಿಯುತ್ತದೆ. ಆ ಗುಂಡಿ ಕೆಳಮುಖವಾಗಿ ಓರೆಯಾಗಿ ಇತ್ತು. ತಂತಿ ಹಳತಾಗಿ ಸಡಿಲವಾಗಿತ್ತು. ದರ್ಜಿ ದಿನವೂ ಹೂವಿನೊಳಗೆ ಕೈ ತೂರಿಸಿ ಚೋಕನ್ನು ಒಳಗೆ ತಳ್ಳುತ್ತಿದ್ದ, ಇಲ್ಲವೆನ್ನುವ ಹಾಗಿಲ್ಲ. ರಸ್ತೆಯ ತಗ್ಗುದಿಣ್ಣೆಗಳಲ್ಲಿ ಕಾರು ಕುಲುಕಿದಾಗ ಗೊಂಚಲಿನ ಭಾರಕ್ಕೆ ಅದು ಮೆಲ್ಲಮೆಲ್ಲಗೆ ಹೊರಗೆ ಜಾರುತ್ತಿತ್ತು. ಬಿಸಿಯಾದ ಇಂಜಿನ್ನಿಗೆ ಬೇಡದ ಪೆಟ್ರೋಲನ್ನು ಕುಡಿಸುತ್ತಿತ್ತು. ಹೂವು ಮುಚ್ಚಿದ್ದರಿಂದ ಅವನ ಕಣ್ಣಿಗೆ ಕಾಣುತ್ತಿರಲಿಲ್ಲ. ಹೂವು ಸರಿಸಿ ನೋಡೋಣ ಎಂಬ ಯೋಚನೆ ಬರಲಿಲ್ಲ. ಹೇಗೆ ಬರುತ್ತದೆ? ತನ್ನ ಹೆಂಡತಿ ಮಗುವನ್ನು ಉಳಿಸಿದ ಗುಂಡಿ ಅದು. ಅದರ ಮೇಲೆ ಅನುಮಾನ ಪಡುವುದುಂಟೇ?

ಹೀಗಿರುವಾಗ ಒಂದು ಬೆಳಿಗ್ಗೆ ಬೇಕರಿಯ ಅಂತೋಣಿ ಓಡಿಬಂದ. ಕೈಗೆ ಇನ್ನೂ ಮೈದಾ ಹಿಟ್ಟು ಮೆತ್ತಿತ್ತು. ಅವನ ಹೆಂಡತಿ ಲೂಸಿಗೆ ನೋವು ಶುರುವಾಗಿದೆ. ಮಗು ಅಡ್ಡ ತಿರುಗಿದೆ, ಮನೆಯಲ್ಲಿ ಆಗುವ ಹೆರಿಗೆ ಅಲ್ಲ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು.

ಒಂದು ಕಾಲದಲ್ಲಿ ಇಂಥ ಕರೆ ಬಂದರೆ ಚಪ್ಪಲಿ ಮೆಟ್ಟದೆ ಓಡುತ್ತಿದ್ದ ದರ್ಜಿ, ಅಂದು ಕಾರಿನ ಕಡೆ ನೋಡಿ ಬೆವರಿದ. ಆದರೂ ಹೊರಟ. ಲೂಸಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ಪುಟ್ಟಗೌರಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅಂತೋಣಿ ಮುಂದೆ ಕೂತ. ಕಾರು ನಾಲ್ಕಾರು ಸಲ ಗೊಣಗಿ ಎದ್ದಿತು. ದರ್ಜಿ ಹೂವಿನೊಳಗೆ ಕೈ ಹಾಕಿ ಚೋಕ್ ಒಳಗೆ ತಳ್ಳಿದ, ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡ, ಹೊರಟ.

ಇಳಿಜಾರು ಹೇಗೋ ಮುಗಿಯಿತು. ಹಳ್ಳದ ಸೇತುವೆಯ ಮೇಲೆ ಕುರಿಮಂದೆ. ಕಾಲು ತೆಗೆಯಲೇಬೇಕಾಯಿತು. ಕಾರು ಗುಡುಗುಡು ನಡುಗಿ ನಿಂತಿತು. ಮಂದೆ ದಾಟಿ ಹೋಯಿತು. ಮುಂದೆ ದೊಡ್ಡ ಏರು. ತಳ್ಳಿ ಸ್ಟಾರ್ಟ್ ಮಾಡಲು ಏರಿನಲ್ಲಿ ಆಗುವುದಿಲ್ಲ. ಹಿಂದಕ್ಕೆ ಎಳೆಯಲು ಸೇತುವೆ ಇಕ್ಕಟ್ಟು. ಆ ಹೊತ್ತಿನಲ್ಲಿ ಬೇರೆ ಗಾಡಿಯೂ ಬರುವುದಿಲ್ಲ.

ದರ್ಜಿ ಸೆಲ್ಫ್ ಹೊಡೆದ. ಪೆಟ್ರೋಲು ವಾಸನೆ ಮೂಗಿಗೆ ಅಡರಿತು. ಮೆಕ್ಯಾನಿಕ್ಕು ಹೇಳಿದಂತೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಮತ್ತೆ ಹೊಡೆದ. ಏಳಲಿಲ್ಲ. ಮತ್ತೆ ಹೊಡೆದ. ಸೆಲ್ಫಿನ ಸದ್ದು ಸಣ್ಣದಾಗುತ್ತಾ ಬಂತು. ಬ್ಯಾಟರಿ ಇಳಿಯುತ್ತಿದೆ ಎಂದು ಅವನಿಗೆ ತಿಳಿಯಿತು. ಇನ್ನೊಂದು ಸಲ, ಹೆಚ್ಚೆಂದರೆ ಇನ್ನೆರಡು ಸಲ. ಅಂತೋಣಿ ಕೆಳಗಿಳಿದು ಬಾನೆಟ್ಟಿನ ಮೇಲೆ ಎರಡೂ ಕೈಯಿಟ್ಟು ಸುಮ್ಮನೆ ನಿಂತುಬಿಟ್ಟ. ಪಾಪ, ಅವನಾದರೂ ಏನು ಮಾಡುತ್ತಾನೆ?

ಆಗ ಲೂಸಿ ಕಣ್ಣು ತೆರೆದಳು. ಮುಖ ಬಿಳುಚಿತ್ತು. ಮುಂದಿನ ಸೀಟಿನ ಸಂದಿನಿಂದ ಅವಳಿಗೆ ಆ ಗೊಂಚಲು ಕಾಣುತ್ತಿತ್ತು.

"ಅಣ್ಣಾ, ಅದನ್ನು ನನ್ನ ಕೈಗೆ ಕೊಡಿ. ಅದರಲ್ಲಿ ನಮ್ಮ ಅತ್ತೆಯ ಶಿಲುಬೆ ಇದೆ. ಹಿಡಿದುಕೊಂಡಿರುತ್ತೇನೆ. ನನಗೆ ತುಂಬಾ ಹೆದರಿಕೆಯಾಗುತ್ತಿದೆ ಅಣ್ಣಾ."

ದರ್ಜಿಗೆ ಕೊಡಲಾರೆ ಎನ್ನಲು ಬಾಯಿ ಬರುವುದಿಲ್ಲ. ಕೊಡಲು ಕೈ ಬರುವುದಿಲ್ಲ. ಇದನ್ನು ಬಿಚ್ಚಿದರೆ ಕಾರು ಇನ್ನೆಂದಿಗೂ ಏಳುವುದಿಲ್ಲ ಎಂದೇ ಅವನು ನಂಬಿದ್ದ. ಗ್ಯಾರೇಜಿನ ಮಾತು ಬೇರೆ, ಅಲ್ಲಿ ಮೆಕ್ಯಾನಿಕ್ಕು ಇದ್ದಾನೆ. ಈ ಸೇತುವೆಯ ಮೇಲೆ ತನಗೆ ಇರುವುದು ಇದೊಂದೇ. ಇದನ್ನೂ ಕೊಟ್ಟುಬಿಟ್ಟರೆ?

"ಲೂಸಿ, ಗಾಡಿ ಎದ್ದ ಮೇಲೆ ಕೊಡುತ್ತೇನಮ್ಮ" ಅಂದ.

ಪುಟ್ಟಗೌರಿಗೆ ಎಲ್ಲಿತ್ತೋ ಅಷ್ಟು ಸಿಟ್ಟು. "ಥೂ ನಿಮ್ಮ! ಕಬ್ಬಿಣಕ್ಕೆ ಹೆದರಿಕೆಯಾಗುತ್ತದೇನ್ರೀ? ಇವಳಿಗೆ ಆಗುತ್ತಿದೆ. ನಾನು ಇದೇ ಸೀಟಿನಲ್ಲಿ ಮಲಗಿ ಸಾಯುತ್ತೇನೆ ಅಂತ ಅಂದುಕೊಂಡವಳು. ಹಿಡಿದುಕೊಳ್ಳಲು ಏನಾದರೂ ಸಿಕ್ಕಿದರೆ ಸಾಕು ಅನ್ನಿಸಿತ್ತು ನನಗೆ. ಕೊಡ್ರೀ ಮೊದಲು!"

ದರ್ಜಿ ಬಗ್ಗಿದ. ಗಂಟು ಬಿಗಿಯಾಗಿತ್ತು. ಚಳಿಗೆ ಬೆರಳು ಮರಗಟ್ಟಿದ್ದವು. ದಾರ ಸಡಿಲಾಗಲಿ ಎಂದು ಅಂಗೈಯಿಂದ ಗುಂಡಿಯನ್ನು ಒತ್ತಿ ಹಿಡಿದು, ಹಲ್ಲಿನಿಂದ ಗಂಟು ಕಚ್ಚಿ ಬಿಚ್ಚಿದ. ಗಂಟೆ, ತಾಯತ, ಶಿಲುಬೆ, ದೀಪ, ಹಾರ, ಎಲ್ಲವನ್ನೂ ಹಾಗೆಯೇ ಹಿಂದಕ್ಕೆ ಕೊಟ್ಟ. ಲೂಸಿ ಎರಡೂ ಕೈಯಲ್ಲಿ ಹಿಡಿದು ಎದೆಗೆ ಅವಚಿಕೊಂಡಳು. ಅವಳ ಏದುಸಿರು ಸ್ವಲ್ಪ ಇಳಿಯಿತು.

ದರ್ಜಿಗೆ ಈಗ ಏನೂ ಉಳಿದಿರಲಿಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿದ. ಯಾವ ದೇವರ ಹೆಸರೂ ಬಾಯಿಗೆ ಬರಲಿಲ್ಲ. ಸುಮ್ಮನೆ ಸೆಲ್ಫ್ ಹೊಡೆದ.

ಅದು ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಹಿಂದೆ ಬುಸ್ಸೆಂದು ಕರಿ ಹೊಗೆ ಕಾರಿ, ಎದ್ದಿತು. ದರ್ಜಿ ಹೆದರುತ್ತಾ ಹೆದರುತ್ತಾ ಕಾಲು ತೆಗೆದ. ನಿಲ್ಲಲಿಲ್ಲ. ಮೊದಲು ಒಂದೆರಡು ಸಲ ಮುಗ್ಗರಿಸಿ, ಆಮೇಲೆ ಬೆಕ್ಕಿನ ಹಾಗೆ ಗುರ್ ಎನ್ನತೊಡಗಿತು. ಅಂತೋಣಿ ಓಡಿಬಂದು ಹತ್ತಿಕೊಂಡ.

ದೊಡ್ಡ ಏರಿನ ಅರ್ಧದಲ್ಲಿ ಸೂರ್ಯ ಬಂದ. ಬಿಸಿಲು ಓರೆಯಾಗಿ ಸ್ಟಿಯರಿಂಗಿನ ಕೆಳಗೆ ಬಿತ್ತು. ದರ್ಜಿ ಒಮ್ಮೆ ಕೆಳಗೆ ನೋಡಿದ. ಕರಿ ಗುಂಡಿ ಬರಿಮೈಯಲ್ಲಿ, ಪೂರ್ತಿ ಒಳಗೆ ಸೇರಿ ಕೂತಿತ್ತು. ಹಳೆಯ ಕುಂಕುಮದ ಕಲೆ ಬಿಟ್ಟರೆ ಅದರ ಮೇಲೆ ಏನೂ ಇರಲಿಲ್ಲ. ಅಷ್ಟು ಕುಲುಕಿದರೂ ಅದು ಹೊರಗೆ ಜಾರಿರಲಿಲ್ಲ. ಅವನು ರಸ್ತೆ ನೋಡಿದ, ಮತ್ತೆ ಗುಂಡಿ ನೋಡಿದ. ಗ್ಯಾರೇಜಿಗೆ ಹೋದಾಗಲೆಲ್ಲ ಮಡಿಬಟ್ಟೆಯಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡದ್ದು ನೆನಪಾಯಿತು.

"ಅಯ್ಯೋ ನನ್ನಪ್ಪಾ" ಅಂದ ಗಟ್ಟಿಯಾಗಿ. "ನಿನ್ನ ಕುತ್ತಿಗೆಗೆ ನಾನೇ ಜೋತುಬಿದ್ದಿದ್ದೆನಲ್ಲೋ!"

ನಗುವೂ ಬಂತು, ಅಳುವೂ ಬಂತು. ಅಂತೋಣಿ ಗಾಬರಿಯಾಗಿ ಅವನ ಮುಖ ನೋಡಿದ.

ಆಸ್ಪತ್ರೆಯಲ್ಲಿ ಲೂಸಿಗೆ ಗಂಡು ಮಗು ಹುಟ್ಟಿತು. ಹೊಟ್ಟೆ ಕುಯ್ದು ತೆಗೆದರು. ತಾಯಿ, ಮಗು ಇಬ್ಬರೂ ಉಳಿದರು. ಅಂತೋಣಿ ಆಸ್ಪತ್ರೆಯ ನೆಲದ ಮೇಲೆ ಕೂತು ದರ್ಜಿಯ ಎರಡೂ ಕೈ ಹಿಡಿದು ಬಿಕ್ಕಿ ಬಿಕ್ಕಿ ಅತ್ತ. ಅವನ ಕೈಯ ಹಿಟ್ಟೆಲ್ಲ ಇವನ ಕೈಗೆ ಮೆತ್ತಿತು. ಈ ಸಲ ದರ್ಜಿ ಹಿಂದೆ ಹಾರಲಿಲ್ಲ. ಕಾರಿನ ಕಡೆ ಕೈ ತೋರಿಸಲಿಲ್ಲ. ಜೊತೆಗೆ ಕೂತು ತಾನೂ ಅತ್ತ. ತನ್ನ ಮಗಳು ಹುಟ್ಟಿದ ದಿನ ಆದಷ್ಟೇ ಸಂತೋಷ ಅಂದೂ ಆಯಿತು ಎಂದು ಅವನೇ ನನಗೆ ಹೇಳಿದ.

ಚೇತರಿಸಿಕೊಂಡು ಊರಿಗೆ ಬಂದ ಮೇಲೆ ಲೂಸಿ ಗೊಂಚಲನ್ನು ಹಿಂದಕ್ಕೆ ಕೊಡಲು ಹೋದಳು. ಅವನು ತೆಗೆದುಕೊಳ್ಳಲಿಲ್ಲ. "ತೊಟ್ಟಿಲಿಗೆ ಕಟ್ಟಮ್ಮಾ. ಆಮೇಲೆ ಇನ್ನು ಯಾರಿಗೆ ಹೆದರಿಕೆಯಾಗುತ್ತದೋ ಅವರ ಕೈಗೆ ಕೊಡು" ಅಂದ. ಅದು ಆ ಊರಿನಲ್ಲಿ ಬಾಣಂತಿಯಿಂದ ಬಸುರಿಗೆ, ಕೈಯಿಂದ ಕೈಗೆ ಹೋಗುತ್ತಲೇ ಇದೆ. ಒಬ್ಬರ ಮನೆಯಲ್ಲಿ ನಿಂತಿಲ್ಲ.

ದರ್ಜಿ ಆಮೇಲೆಯೂ ಕಾರು ಓಡಿಸಿದ, ಬಹಳ ವರ್ಷ. ಚಳಿಯ ಬೆಳಿಗ್ಗೆ ಚೋಕ್ ಎಳೆಯುತ್ತಿದ್ದ. ಕಾರು ಎದ್ದು ನಿಂತು ಉಸಿರು ಹದಕ್ಕೆ ಬರುವವರೆಗೆ ಕಾಯುತ್ತಿದ್ದ. ಆಮೇಲೆ ಗುಂಡಿಯನ್ನು ಹೆಬ್ಬೆರಳಿನಿಂದ ಮೆತ್ತಗೆ ಒಳಗೆ ತಳ್ಳುತ್ತಿದ್ದ. ತಳ್ಳುವಾಗ ಒಮ್ಮೊಮ್ಮೆ ಕಣ್ಣು ತೇವವಾಗುತ್ತಿತ್ತಂತೆ. ಆದರೂ ತಳ್ಳುತ್ತಿದ್ದ. ಕಾಯಿಲೆಯವರು ಕಾಯುತ್ತಿದ್ದರಲ್ಲ.

ಅಜ್ಜ ಕತೆ ನಿಲ್ಲಿಸಿದರು. ಹೊರಗೆ ಮಠದ ಮಕ್ಕಳು ಸಾಲಾಗಿ ಕೂತು ಪಾಠ ಒಪ್ಪಿಸುತ್ತಿದ್ದರು. ಚನ್ನವೀರ ತಲೆ ತಗ್ಗಿಸಿಯೇ ಕೇಳಿದ. ಆ ಗಳಿಗೆಯಲ್ಲಿ ಅವನ ನಾಲಿಗೆ, ಎಷ್ಟೋ ವರ್ಷಗಳ ಮೇಲೆ, ಒಂದಿಷ್ಟು ತೊದಲಿತು.

"ಆ-ಆದರೆ ಅಜ್ಜಾ, ತನ್ನನ್ನು ಉಳಿಸಿದ್ದನ್ನೇ ಹಾಗೆ ತಳ್ಳಿಬಿಟ್ಟರೆ, ಉಪಕಾರ ಮರೆತ ಹಾಗೆ ಆಗುವುದಿಲ್ಲವೇ?"

ಅಜ್ಜ ಅವನ ಮುಖವನ್ನೇ ನೋಡಿದರು. ಸಿಡುಕು ಎಲ್ಲಿಯೋ ಹೋಗಿತ್ತು. ಶಿಷ್ಯನ ಗಲ್ಲ ಹಿಡಿದು ಮೇಲಕ್ಕೆತ್ತಿ ಹೇಳಿದರು.

"ನಿನ್ನನ್ನು ಇಷ್ಟು ವರ್ಷ ಬಿಸಿ ಮಾಡಿದ್ದು ನನ್ನ ಅಂಗಳದಲ್ಲೇ ನಿಂತು ಹೊಗೆ ಬಿಡಲಿ ಅಂತಲ್ಲವೋ, ತಮ್ಮಾ."

ಚನ್ನವೀರ ಅಜ್ಜನ ಪಾದ ಮುಟ್ಟಿ ನಮಸ್ಕರಿಸಿ, ಹೊಳೆಯಾಚೆಯ ಶಾಲೆಗೆ ಹೊರಡಲು ಎದ್ದ.